ಪೀಚ್ ಗೋಡೆಯ ಬಾಗಿಲು

ಮೊಂತ್ರೋಯ್,
6 ಮಾರ್ಚ್ 1909

ಅಪ್ಪ,

ಇಲ್ಲ, ನಾನು ಗೋಡೆಯನ್ನು ಕೊಂದಿಲ್ಲ. ಸಾಯುವುದಕ್ಕೆ ಗೋಡೆಯೇನು ಕುದುರೆಯೇ? ನಿನಗೆ ಹಾಗೆ ಬರೆದವರು ಯಾರೆಂದು ನಾನು ಕೇಳುವುದಿಲ್ಲ. ಆ ಕಾಗದ ಬಿಚ್ಚಿದಾಗಲೇ ನಿನಗೆ ಈರುಳ್ಳಿ ವಾಸನೆ ಬಂದಿರುತ್ತದೆ. ಪಕ್ಕದ ತೋಟದ ಉರ್ಸುಲ್ ಅಜ್ಜಿ ಗೋಡೆಯ ಆ ಕಡೆ ಏಣಿ ಹಾಕಿ, ಈ ಕಡೆಗೆ ತಲೆಯೊಂದನ್ನು ಮಾತ್ರ ಇಳಿಬಿಟ್ಟು, ದಿನವಿಡೀ ನನ್ನನ್ನು ಕಾಯುತ್ತಾಳೆ. ಕ್ರಿಸ್‌ಮಸ್ಸಿಗೆ ಮುಂಚೆ ಡಾಕ್ಟರು ನಿನ್ನನ್ನು ಬೆಟ್ಟದ ಗಾಳಿಗೆಂದು ಝೆಲಿ ಅತ್ತೆಯ ಮನೆಗೆ ಅಟ್ಟಿದಾಗ ನೀನು ಅವಳಿಗೆ "ಹುಡುಗನ ಮೇಲೆ ಒಂದು ಕಣ್ಣಿಡಕ್ಕ" ಅಂದಿದ್ದೆಯಂತೆ. ಅವಳು ಎರಡೂ ಇಟ್ಟಿದ್ದಾಳೆ.

ನಡೆದದ್ದು ಇಷ್ಟು. ಫೆಬ್ರವರಿಯಲ್ಲಿ ಪ್ರತಿ ವರ್ಷದ ಹಾಗೆಯೇ ಮೊಳೆಗಳನ್ನೆಲ್ಲ ಕಿತ್ತು, ಬಟ್ಟೆಯ ಚೂರುಗಳನ್ನು ಬಿಚ್ಚಿ, ದೊಡ್ಡ ಗೋಡೆಗೆ ಹರಡಿ ಕಟ್ಟಿದ್ದ ಪೀಚ್ ಮರಗಳ ಕೊಂಬೆಗಳನ್ನು ಬಿಡಿಸಿದೆ. ಗಾರೆ ಜರಡಿಯಾಗಿತ್ತು. ಕೈಯಿಟ್ಟರೆ ಅಂಗೈ ಅಗಲ ಕಳಚಿ ಬೀಳುತ್ತಿತ್ತು. ಹೊಸ ಗಾರೆ ಹಾಕಲೇಬೇಕಿತ್ತು. ನಾನು ಗಾರೆ ಹಾಕಲಿಲ್ಲ, ಸಿಮೆಂಟು ಹಾಕಿದೆ.

ಯಾಕೆ ಅಂತ ಕೇಳಿದ್ದೀಯ. ಗಾರೆ ನಾಲ್ಕು ವರ್ಷಕ್ಕೆ ಉದುರುತ್ತದೆ, ಸಿಮೆಂಟು ನನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅದು ಒಂದು. ಗಾರೆಯ ಮೂಟೆ ಬಿಚ್ಚಿದಾಗ ಏಳುವ ಬಿಳಿ ಪುಡಿ ಇದೆಯಲ್ಲ, ಅದು ಇನ್ನೊಂದು. ಆ ಪುಡಿ ನಿನ್ನ ಎದೆಗೆ ಮಾಡಿದ್ದರ ಬಗ್ಗೆ ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕೇಳಿದ್ದೇವೆ. ನೀನು ಆಗ ಕಿಟಕಿಯಾಚೆ ನೋಡುತ್ತಿದ್ದೆ.

ಅಜ್ಜಿ ಏಣಿಯ ಮೇಲಿಂದ ಕೂಗಿದಳು: "ಗೋಡೆ ಉಸಿರಾಡ್ಬೇಕು ಕಣೋ! ಅದರ ಬಾಯಿಗೆ ಕಲ್ಲು ತುರುಕ್ತಾ ಇದ್ದೀಯಲ್ಲೋ!"

"ನಿನ್ ಕಡೆ ಗೋಡೆ ಉಸಿರಾಡ್ಲಿ ಅಜ್ಜಿ. ನಮ್ ಕಡೇದು ಸ್ವಲ್ಪ ದಿನ ಉಸಿರು ಹಿಡ್ಕೊಂಡಿರ್ಲಿ."

"ನಿಮ್ಮಪ್ಪಂಗೆ ಬರೀತೀನಿ."

"ಬರಿ. ನನ್ ಕಡೆಯಿಂದ್ಲೂ ಒಂದು ನಮಸ್ಕಾರ ಸೇರ್ಸು."

ನಮ್ಮ ಮಾತು ನೆನಪಿದೆ ತಾನೆ? ಈ ವರ್ಷದ ಹಣ್ಣು ಕಿತ್ತು ಮುಗಿಸಿದ ದಿನ ನಾನು ಬೇಕಾದ ಕಡೆ ಹೋಗಬಹುದು ಅಂದಿದ್ದೀಯ. ಬಾರ್ನಬೆ ತನ್ನ ಸರಕು ದೋಣಿಯಲ್ಲಿ ನನಗೊಂದು ಜಾಗ ಇಟ್ಟಿದ್ದಾನೆ. ಮಾರ್ನ್ ನದಿಯಿಂದ ಕಾಲುವೆ ಹಿಡಿದು ದಕ್ಷಿಣದ ಸಮುದ್ರದವರೆಗೂ ಹೋಗುತ್ತಾನಂತೆ. ಅಪ್ಪ, ನಾನು ಹುಟ್ಟಿದಾಗಿನಿಂದ ಕಣ್ಣು ಬಿಟ್ಟ ಕಡೆಯೆಲ್ಲ ಗೋಡೆ. ಮನೆಯಿಂದ ಶಾಲೆಗೆ ಗೋಡೆ, ಶಾಲೆಯಿಂದ ಚರ್ಚಿಗೆ ಗೋಡೆ, ಚರ್ಚಿನಿಂದ ಅಮ್ಮನ ಸಮಾಧಿಗೆ ಗೋಡೆ. ಈ ಊರಿನಲ್ಲಿ ದೂರ ನೋಡಬೇಕಾದರೆ ಮೇಲೆ ನೋಡಬೇಕು. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಊಟ ಕೂಡ ನಿಂತೇ ಮಾಡುತ್ತೇನೆ.

ನಿನ್ನ ಮಗ,
ಲೂಬಿನ್

ಬಾಗಿಲು ಹಾಕಿದ್ದೇನೆ. ಕೇಳಬೇಡ.


ಝೆಲಿಯ ಮನೆ, ಜೂರಾ ಬೆಟ್ಟ,
14 ಮಾರ್ಚ್

ಲೂಬಿನ್,

ಮೊಳೆ ಹೊಡೆದು ನೋಡಿದೆಯಾ?

ಇಲ್ಲಿ ಇನ್ನೂ ಹಿಮ. ನಿಮ್ಮತ್ತೆ ದಿನಕ್ಕೆ ನಾಲ್ಕು ಸಲ ಹಾಲು ಕುಡಿಸುತ್ತಾಳೆ, ನಾನೇನು ಕರುವೇ. ಮೊಳೆ ಹೊಡೆದು ನೋಡಿ ಬರಿ.

ಬಡಗಣ ಗಾಳಿಯ ಕಾಲ. ಬಾಗಿಲು ಹಾಕಿಕೋ.

ಅಪ್ಪ


ಮೊಂತ್ರೋಯ್,
28 ಮಾರ್ಚ್

ಅಪ್ಪ,

ನಿನ್ನ ಕಾಗದ ಬಂದ ದಿನವೇ ಹೊಡೆದೆ. ಬಾಗಿತು. ಇನ್ನೊಂದು ಹೊಡೆದೆ. ಅದು ಚಿಮ್ಮಿ ಹೋಗಿ ಎಲೆಕೋಸಿನ ಮಡಿಯಲ್ಲಿ ಬಿತ್ತು. ದಪ್ಪ ಮೊಳೆ, ಸಣ್ಣ ಮೊಳೆ, ಕುದುರೆ ಲಾಳದ ಮೊಳೆ, ಎಲ್ಲವೂ ಆಯಿತು. ಒಂದು ಒಳಗೆ ಹೋಯಿತು, ಅದು ನನ್ನ ಹೆಬ್ಬೆರಳಿನೊಳಗೆ.

"ಏನೋ ಲೂಬಿನ್, ಮೊಳೆಗೆ ನಾಚ್ಕೆಯಾಗಿ ತಲೆ ತಗ್ಗಿಸ್ತಾ ಐತಲ್ಲೋ!" ಏಣಿಯ ಮೇಲಿಂದ ಅಜ್ಜಿ.

ನೀನು ಇದನ್ನು ಮೊದಲೇ ಬರೆಯಬಹುದಿತ್ತು. "ಸಿಮೆಂಟಿಗೆ ಮೊಳೆ ಇಳಿಯಲ್ಲ ಮಗನೇ" ಅಂತ ಒಂದು ಸಾಲು. ಬರೆಯಲಿಲ್ಲ. ನಾನೇ ಹೊಡೆದು, ನಾನೇ ಕಂಡುಕೊಂಡು, ನಾನೇ ಬರೆಯಲಿ ಅಂತ ಬೆಟ್ಟದ ಮೇಲೆ ಹಾಲು ಕುಡಿಯುತ್ತ ಕೂತಿದ್ದೆ. ಈಗ ನಗು.

ಮರಗಳು ಗೋಡೆಯ ಮುಂದೆ ಕೂದಲು ಬಿಚ್ಚಿಕೊಂಡ ಹೆಂಗಸರ ಹಾಗೆ ನಿಂತಿವೆ. ಬೀಸಣಿಗೆಯ ಹಾಗೆ ಹರಡಿ, ಒಂದೊಂದು ಚಿಗುರನ್ನೂ ಬಟ್ಟೆ ಚೂರಿನಲ್ಲಿ ಸುತ್ತಿ ಮೊಳೆ ಹೊಡೆಯಬೇಕಾದ ಕೊಂಬೆಗಳು ಮುಂದಕ್ಕೆ ಜೋತುಬಿದ್ದಿವೆ. ಮೊಗ್ಗು ಊದುತ್ತಿದೆ. ನಾನು ಗೂಟ ನೆಟ್ಟು ತಂತಿ ಎಳೆದೆ. ಗಾಳಿಗೆ ಉಜ್ಜಿ ಉಜ್ಜಿ ತಂತಿ ತೊಗಟೆಯನ್ನು ಕೊರೆಯಿತು. ಬಿಚ್ಚಿ ಎಸೆದೆ.

ಇಸಿದೋರ್ ಪಾದ್ರಿಗಳು ಬಂದಿದ್ದರು. ಅವರು ಈಗ ಹಾರ್ಟಿಕಲ್ಚರ್ ಸಂಘದ ಕಾರ್ಯದರ್ಶಿ. ಸಂಘದ ಪದಕ ಪಡೆದ ನಿನ್ನ ಗೋಡೆಗೆ ಏನಾಗಿದೆ ನೋಡಿ ಬರಲು ಕಳಿಸಿದ್ದರಂತೆ. ಟೋಪಿ ತೆಗೆದು, ಬಹಳ ಹೊತ್ತು ನೋಡಿದರು.

"ಇದಕ್ಕೆ ಹಾರ್ಟಿಕಲ್ಚರ್ ಅನ್ನಲ್ಲಪ್ಪ," ಅಂದರು. "ಇದಕ್ಕೆ ಸಮಾಧಿ ಅಂತಾರೆ. ನಾನು ವಾರಕ್ಕೊಂದು ನೋಡ್ತೀನಿ, ನಂಗೊತ್ತು."

ಅಜ್ಜಿ ಹೇಳುವುದು ಒಂದೇ: ಸಿಮೆಂಟನ್ನೆಲ್ಲ ಕೆತ್ತಿ ಹಾಕು, ಗಾರೆ ಬಳಿ. ಅದನ್ನು ನಾನು ಮಾಡುವುದಿಲ್ಲ. ಗೋಡೆ ಪೂರ್ತಿ ಗಾರೆ ಬಳಿಯುವುದೆಂದರೆ ಎಷ್ಟು ಮೂಟೆ, ಎಷ್ಟು ಪುಡಿ, ನಿನಗೇ ಗೊತ್ತು.

ನನಗೊಂದು ಉಪಾಯ ಹೊಳೆದಿದೆ. ಹೋದ ವರ್ಷ ನನ್ನ ದವಡೆ ಹಲ್ಲು ಹುಳುಕಾದಾಗ ಹಲ್ಲಿನ ಡಾಕ್ಟರು ಏನು ಮಾಡಿದ? ಹಲ್ಲನ್ನು ಕೀಳಲಿಲ್ಲ. ತೂತು ಕೊರೆದು ತುಂಬಿದ. ನಾನೂ ಎಲ್ಲೆಲ್ಲಿ ಮೊಳೆ ಬೇಕೋ ಅಲ್ಲಲ್ಲಿ ಉಳಿಯಿಂದ ಸಿಮೆಂಟಿಗೆ ಒಂದು ಗುಳಿ ಹೊಡೆದು, ಅದಕ್ಕೆ ಒಂದು ಚಿಟಿಕೆ ಗಾರೆ ತುಂಬಿ, ಆ ಗಾರೆಗೆ ಮೊಳೆ ಹೊಡೆಯುತ್ತೇನೆ. ಅಜ್ಜಿಗೆ ಹೇಳಿದೆ. ಏಣಿಯಿಂದ ಬೀಳುವಷ್ಟು ನಕ್ಕಳು.

"ಎಷ್ಟು ಗುಳಿ ಹೊಡೀತೀಯೋ?"

"ಎಷ್ಟು ಚಿಗುರು ಐತೋ ಅಷ್ಟು."

"ಹೊಡಿ ಹೊಡಿ. ದೋಣಿಯೋನು ಮುದುಕ ಆಗೋಷ್ಟರಲ್ಲಿ ಮುಗೀತದೆ."

ಉಳಿ ಹಿಡಿದು ಹೊರಟೆ.

ಲೂಬಿನ್


ಮೊಂತ್ರೋಯ್,
25 ಏಪ್ರಿಲ್

ಅಪ್ಪ,

ನನ್ನ ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆದಿಲ್ಲ. ಬೈಯುವುದಕ್ಕಾದರೂ ಬರೆ.

ಗೋಡೆಗೆ ಸಿಡುಬು ಬಂದ ಹಾಗಾಗಿದೆ. ಬೂದಿ ಬಣ್ಣದ ಸಿಮೆಂಟಿನ ತುಂಬ ಬಿಳಿ ಬಿಳಿ ಚುಕ್ಕೆ. ಪ್ರತಿ ಚುಕ್ಕೆಯಲ್ಲಿ ಒಂದು ಮೊಳೆ, ಮೊಳೆಯಲ್ಲಿ ಒಂದು ಬಟ್ಟೆ ಚೂರು, ಚೂರಿನಲ್ಲಿ ಒಂದು ಚಿಗುರು. ತಾತನ ಉಣ್ಣೆ ಪಾಯಿಜಾಮ, ಅಮ್ಮನ ಕಂದು ಲಂಗ, ನನ್ನ ಶಾಲೆಯ ಟೋಪಿ, ನಮ್ಮ ಮನೆಯವರೆಲ್ಲ ಮತ್ತೆ ಗೋಡೆಗೆ ಹತ್ತಿದರು. ಮೊಳೆ ಗಟ್ಟಿಯಾಗಿ ನಿಂತಿದೆ. ಅಜ್ಜಿ ಎಳೆದು ನೋಡಿದಳು, ಬರಲಿಲ್ಲ. ಅಂದು ಮಧ್ಯಾಹ್ನವೆಲ್ಲ ಅವಳು ಏಣಿ ಹತ್ತಲಿಲ್ಲ.

ಆಮೇಲೆ ಹೂ ಬಿಟ್ಟಿತು. ಅದರ ಬಗ್ಗೆ ನಾನು ಬರೆಯುವುದಿಲ್ಲ. ನೀನು ಕಣ್ಣು ಮುಚ್ಚಿದರೆ ನನಗಿಂತ ಚೆನ್ನಾಗಿ ಕಾಣುತ್ತದೆ. ಗೋಡೆಯ ತಲೆಯ ಸೂರಿನ ಕೆಳಗೆ ಮರಗಳಿಗೆ ಮರೆಯಾಗಿ ಹುಲ್ಲುಚಾಪೆ ಕಟ್ಟಿದ್ದೆ. ಬೆಳಗಿನ ಮಂಜು ಏನೂ ಮಾಡಲಿಲ್ಲ.

ಮಂಜು ಮಾಡದ್ದನ್ನು ಬಾಗಿಲು ಮಾಡಿತು. ಮಂಗಳವಾರ ಬಾರ್ನಬೆ ಓಣಿಯಿಂದ ಶಿಳ್ಳೆ ಹಾಕಿದ. ದೋಣಿಗೆ ಹೊಸ ಬಣ್ಣ ಬಳಿದಿದ್ದಾನಂತೆ, ನೋಡಲು ಬಾ ಅಂದ. ಹೋದೆ. ನದಿ ತುಂಬಿ ಹರಿಯುತ್ತಿತ್ತು, ನೋಡುತ್ತ ನೋಡುತ್ತ ಹೊತ್ತು ಹೋಯಿತು. ವಾಪಸು ಬಂದಾಗ ತೋಟದ ಬಾಗಿಲು ಹಾರು ಹೊಡೆದಿತ್ತು, ಬಡಗಣ ಗಾಳಿ ಓಣಿಯಿಂದ ನೇರ ಒಳಗೆ ನುಗ್ಗುತ್ತಿತ್ತು. ಬಾಗಿಲ ತುದಿಯ ಮರದಲ್ಲಿ ಒಂದು ಹೂವೂ ಇರಲಿಲ್ಲ. ಎಲ್ಲ ನೆಲದ ಮೇಲೆ. ಇಷ್ಟೇ ಬರೆಯುತ್ತೇನೆ, ಮುಂದಿನದನ್ನು ನೀನೇ ಬೈದುಕೋ.

ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು? ಆ ಹೊತ್ತಿಗೆ ಇಸಿದೋರ್ ಪಾದ್ರಿಗಳು ಸಿಕ್ಕಿದರು. "ಫಾದರ್, ಸಂಘದ ಹಲಗೆ ಮೇಲೆ ಇಷ್ಟು ದಪ್ಪಕ್ಕೆ ಹಾರ್ಟಿಕಲ್ಚರ್ ಅಂತ ಬರೆಸಿದ್ದೀರಲ್ಲ, ಹಂಗಂದ್ರೇನು?" ಅಂತ ಕೇಳಿದೆ. ಅವರಿಗೂ ಕೇಳುವವರು ಬೇಕಿತ್ತು. ಬುಟ್ಟಿ ಬೋರಲು ಹಾಕಿ ಕೂತರು.

"ಎರಡು ಪದ ಅದು. ಹೊರ್ತುಸ್ ಅಂದ್ರೆ ಹಳೇ ರೋಮಿನೋರಿಗೆ ಮನೆ ಹಿಂದೆ ಬೇಲಿ ಹಾಕಿದ ಜಾಗ. ಹೊಲ ಅಂದ್ರೆ ಬಯಲು, ಅದು ಬೇರೆ. ಹೊರ್ತುಸ್ ಅಂದ್ರೆ ಮೊದ್ಲು ಬೇಲಿ, ಆಮೇಲೆ ಗಿಡ."

"ಬೇಲಿ ಒಳಗೆ ಏನಿರ್ತಿತ್ತು?"

"ಇನ್ನೇನು, ಎಲೆಕೋಸು. ಹೂವಿನ ಮಾತೆಲ್ಲ ಹೊಟ್ಟೆ ತುಂಬಿದ ಮೇಲೆ."

"ಇನ್ನೊಂದು ಪದ, ಕಲ್ಚರ್?"

"ಅದು ಸ್ವಲ್ಪ ತಮಾಷೆಯಾಗಿದೆ. ಅದರ ಬೇರು ಹಿಡ್ಕೊಂಡು ಹೋದ್ರೆ, ಒಂದು ಜಾಗನ ಸುತ್ತಿ ಸುತ್ತಿ ಅಲ್ಲೇ ಇರೋದು ಅಂತ. ಉಳೋದಕ್ಕೂ ಅದೇ ಮಾತು, ವಾಸ ಮಾಡೋದಕ್ಕೂ ಅದೇ, ದೇವ್ರ ಪೂಜೆಗೂ ಅದೇ. ಆದ್ರೆ ರೋಮಿನೋರು ಈ ಎರಡನ್ನ ಜೋಡಿಸಿ ಒಂದು ಪದ ಮಾಡ್ಲಿಲ್ಲ ನೋಡು. ಜೋಡಿಸಿದ್ದು ಮೊನ್ನೆ ಮೊನ್ನೆಯ ಪಂಡಿತ್ರು. ಕೆಲ್ಸ ಮುದುಕ, ಹೆಸ್ರು ಕೂಸು."

"ಹಂಗಾದ್ರೆ ಬೇಲಿ ಒಳಗೆ ಸುತ್ತಿ ಸುತ್ತಿ ಸಾಯೋದು ಅಂತ ಹೇಳಿ ಫಾದರ್. ಸರ್ಕಸ್ ಕರಡಿ ಮಾಡೋದೂ ಅದೇ."

ಅವರಿಗೆ ನೋವಾಯಿತೇನೋ. ಟೋಪಿಯ ಧೂಳು ಹೊಡೆಯುತ್ತ ಹೇಳಿದರು: "ಯಾವಳೋ ಒಬ್ಬಳು, ಹೆಸ್ರು ಯಾರಿಗೂ ಗೊತ್ತಿಲ್ಲ, ತಿಪ್ಪೆ ಪಕ್ಕ ತಾನಾಗೇ ಎದ್ದ ಗಿಡ ನೋಡಿರ್ತಾಳೆ. ಮೇಕೆ ಬಾಯಿ ಹಾಕ್ದಿರ್ಲಿ ಅಂತ ಒಂದು ಮುಳ್ಳಿನ ಕೊಂಬೆ ಎಳೆದು ಅಡ್ಡ ಇಟ್ಟಿರ್ತಾಳೆ. ಅವತ್ತು ಶುರುವಾಯ್ತು ಈ ಕಸುಬು. ಗಿಡ ನೆಟ್ಟವತ್ತಲ್ಲ ಲೂಬಿನ್, ಅಡ್ಡ ಇಟ್ಟವತ್ತು."

"ಅವಳಿಗೂ ಅವರಪ್ಪ ಬಾಗ್ಲು ಹಾಕ್ಕೋ, ಬಾಗ್ಲು ಹಾಕ್ಕೋ ಅಂತಿದ್ನಾ?"

ಅವರು ನಗುತ್ತ ಹೋದರು. ಹೋಗುವಾಗ ಬಾಗಿಲನ್ನು ಅವರೇ ಹಾಕಿದರು.

ಗಾರೆಯ ಪುಡಿ ಚಿಟಿಕೆಯಷ್ಟೇ ಆದರೂ ಮೂಗಿಗೆ ಹೋಗುತ್ತದೆ. ಸಂಜೆ ಉಗುಳಿದರೆ ಬಿಳಿ. ಇಷ್ಟು ವರ್ಷ ನೀನು ಊಟಕ್ಕೆ ಕೂರುವ ಮುಂಚೆ ಅಷ್ಟು ಹೊತ್ತು ಹಿತ್ತಲಲ್ಲಿ ಏನು ಮಾಡುತ್ತಿದ್ದೆ ಅಂತ ಈಗ ಗೊತ್ತಾಯಿತು.

ಲೂಬಿನ್


ಝೆಲಿಯ ಮನೆ,
16 ಮೇ

ಲೂಬಿನ್,

ಬಾಗಿಲ ವಿಷಯ ನಾನೇನೂ ಹೇಳುವುದಿಲ್ಲ. ಹತ್ತೊಂಬತ್ತು ವರ್ಷ ಹೇಳಿದ್ದೇನೆ.

ಪಾದ್ರಿಗೆ ಲ್ಯಾಟಿನ್ ಗೊತ್ತು, ಗೋಡೆ ಗೊತ್ತಿಲ್ಲ. ಬೇಲಿ ಮೇಕೆಗೆ. ನಮ್ಮ ಗೋಡೆ ಮೇಕೆಗಲ್ಲ. ಮೊಂತ್ರೋಯ್‌ನಲ್ಲಿ ಮೇಕೆ ಎಲ್ಲಿದೆ? ಸಂಜೆ ಬಿಸಿಲು ಹೋದ ಮೇಲೆ ದೊಡ್ಡ ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಲ್ಲು. ಓಡಬೇಡ, ನಿಲ್ಲು. ಹಗಲು ಕುಡಿದ ಬಿಸಿಲನ್ನು ಗೋಡೆ ಮರಕ್ಕೆ ವಾಪಸು ಕೊಡುತ್ತದೆ. ಅದಿಲ್ಲದಿದ್ದರೆ ಈ ಚಳಿ ಸೀಮೆಯಲ್ಲಿ ಪೀಚ್ ಎಲ್ಲಿ ಬರಬೇಕು. ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮ ಬೆನ್ನು ನೋವಿಗೆ ಅಲ್ಲೇ ಒರಗಿ ಕೂರುತ್ತಿದ್ದಳು.

ನನ್ನ ಎದೆ ಈಗ ಪರವಾಗಿಲ್ಲ. ಹಣ್ಣು ಮುಗಿಯುವ ಹೊತ್ತಿಗೆ ಬರುತ್ತೇನೆ. ಆ ಸಿಮೆಂಟು ಕೆತ್ತಿ, ಗೋಡೆಗೆ ಗಾರೆ ಹಾಕುತ್ತೇನೆ. ನೀನು ಹೋಗು. ಮಾತು ಕೊಟ್ಟಿದ್ದೇನೆ.

ಗಾರೆ ಕೆಲಸಕ್ಕೆ ಹಾಕುವ ನನ್ನ ಕೋಟು ಕೊಟ್ಟಿಗೆಯಲ್ಲಿ ನೇತಾಡುತ್ತಿದೆ. ಒಗೆಯಬೇಡ. ಬಿಸಿಲಿಗೆ ಹಾಕು.

ಅಪ್ಪ


ಮೊಂತ್ರೋಯ್,
4 ಜುಲೈ

ಅಪ್ಪ,

ನೀನು ಬರಬೇಡ.

ಈ ಸಾಲು ಬರೆದು ಒಂದೂವರೆ ತಿಂಗಳಾಯಿತು. ಮುಂದಿನ ಸಾಲು ಬರದೆ ಕಾಗದ ಮೇಜಿನ ಮೇಲೆಯೇ ಬಿದ್ದಿತ್ತು. ಮಧ್ಯೆ ಕಾಯಿ ಚಿವುಟಿದೆ, ಬೇಡದ ಚಿಗುರು ಕತ್ತರಿಸಿದೆ, ಎಲೆ ಸುರುಳಿ ರೋಗ ಬಂದದ್ದನ್ನು ಕಿತ್ತು ಸುಟ್ಟೆ. ನೀನು ಹೇಳಿದಂತೆ ಗೋಡೆಗೆ ಬೆನ್ನು ಕೊಟ್ಟೂ ನಿಂತೆ. ಸಿಮೆಂಟೂ ಬೆಚ್ಚಗಿರುತ್ತದೆ, ಗೊತ್ತಿರಲಿ. ಆದರೆ ಬೇಗ ಆರುತ್ತದೆ. ಬಿಳಿ ಚುಕ್ಕೆಗಳು ಮಾತ್ರ ಬೆನ್ನಿಗೆ ತಡವಾಗಿ ಆರಿದವು. ಇದನ್ನು ಅಜ್ಜಿಗೆ ಹೇಳಿಲ್ಲ, ನೀನೂ ಹೇಳಬೇಡ.

ನಾನು ನಿಂತಿದ್ದನ್ನು ಅವಳು ನೋಡಿದಳು. ಎಂದಿನ ಹಾಗೆ ಗೇಲಿ ಮಾಡಲಿಲ್ಲ.

"ನಿಮ್ಮಪ್ಪ ಗಾಸ್ಪಾರ್ ಬರ್ತಾನಂತೆ?"

"ಹೂಂ ಅಜ್ಜಿ. ಗಾರೆ ಹಾಕ್ತಾನಂತೆ."

"ನೀನು?"

"ದೋಣಿಗೆ."

ಅವಳು ಏಣಿಯ ಮೇಲೆ ನಿಂತೇ ಸೊಪ್ಪು ಸೋಸುತ್ತಿದ್ದಳು. ಸೋಸಿದ್ದನ್ನೇ ಮತ್ತೆ ಸೋಸಿದಳು. "ನಮ್ಮನೆಯೋರ್ನ ನೀನು ನೋಡಿಲ್ಲ," ಅಂದಳು. "ಕೊನೇ ಚಳಿಗಾಲ ಅವ್ರೂ ಹಿಂಗೇ ಅಂದ್ರು. ಇದೊಂದು ಗೋಡೆ ಬಳ್ದು ಬಿಡ್ತೀನಿ ಕಣೇ, ಅಂದ್ರು. ಅರ್ಧ ಗೋಡೆ ಹಂಗೇ ಐತೆ ನೋಡು ಆ ಕಡೆ. ನಾನು ಅದ್ನ ಮುಟ್ಸಿಲ್ಲ."

ಅಪ್ಪ, ಇಷ್ಟು ವರ್ಷ ಆ ಅರ್ಧ ಗೋಡೆ ನೋಡಿ ನಾವಿಬ್ಬರೂ ಅಜ್ಜಿ ಜಿಪುಣಿ ಅಂತ ನಗುತ್ತಿದ್ದೆವು.

ನೀನು ಎಂಥ ಮಾತು ಕೊಟ್ಟೆ ನನಗೆ? ನೀನು ಬಂದರೆ ಗಾರೆ ಮುಟ್ಟುತ್ತೀಯ. ಹಾಗಿರುವಾಗ ನಾನು ದೋಣಿ ಹತ್ತುವುದು ಹೇಗೆ? ನೀನು ಬರದಿದ್ದರೆ ಗೋಡೆಗೆ ದಿಕ್ಕಿಲ್ಲ; ಆಗಲೂ ಹತ್ತುವುದು ಹೇಗೆ? ಹೋಗು ಅಂತ ಬಾಗಿಲು ತೆಗೆದು ತೋರಿಸಿ, ಹೊಸ್ತಿಲಿಗೆ ಅಡ್ಡ ನೀನೇ ಮಲಗಿದ್ದೀಯ. ಕಾಲುವೆಯಲ್ಲಿ ನೀರು ಇಳಿಯುವ ಮುಂಚೆ ಹೊರಡಬೇಕು, ನನಗಾಗಿ ಕಾಯಲ್ಲ ಅಂತ ಬಾರ್ನಬೆ ಹೇಳಿಬಿಟ್ಟಿದ್ದಾನೆ. ರಾತ್ರಿ ಮಲಗಿದರೆ ಕಾಲು ತಾನಾಗಿ ನಡೆಯುತ್ತಿರುತ್ತದೆ.

ಅಲ್ಲೇ ಇರು. ಹಾಲು ಕುಡಿ. ಕರು ಆದರೂ ಪರವಾಗಿಲ್ಲ.

ಲೂಬಿನ್


ಝೆಲಿಯ ಮನೆ,
22 ಆಗಸ್ಟ್

ನನ್ನ ಗೋಡೆಗೆ ನನ್ನನ್ನೇ ಬರಬೇಡ ಅನ್ನುತ್ತೀಯ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಗೋಡೆಯನ್ನು ನೀನು ಸಿಮೆಂಟು ಹಾಕಿ ಕೆಡಿಸಿದೆ ಅಂದರು, ಸುಮ್ಮನಿದ್ದೆ. ಹೂ ಉದುರಿಸಿದೆ, ಸುಮ್ಮನಿದ್ದೆ. ಇದಕ್ಕೆ ಸುಮ್ಮನಿರುವುದಿಲ್ಲ.

ಸೆಪ್ಟೆಂಬರ್ ಕೊನೆಯ ಭಾನುವಾರ ಮಧ್ಯಾಹ್ನದ ರೈಲು. ಸ್ಟೇಷನ್ನಿಗೆ ಬರಬೇಕಾಗಿಲ್ಲ. ದಾರಿ ಗೊತ್ತು.

ಗಾಸ್ಪಾರ್ ಕೂರ್ತ್ವಾ

ಲೂಬಿನ್ ಕಂದ, ಅವನಿಗೆ ಗೊತ್ತಿಲ್ಲದೆ ಇದೇ ಲಕೋಟೆಯಲ್ಲಿ ನಾನೂ ಎರಡು ಮಾತು ಬರೆಯುತ್ತಿದ್ದೇನೆ. ಅವನನ್ನು ಇನ್ನು ಹಿಡಿದಿಡೋಕೆ ನನ್ನ ಕೈಲಾಗಲ್ಲ. ಹಾಸಿಗೆಯ ಮೇಲೆ ಕೂತು ಕೋಣೆಯ ಗೋಡೆಗೆ ಬರಿಗೈಯಲ್ಲಿ, ಇಲ್ಲದ ಮೊಳೆ ಹೊಡೆಯುತ್ತಾನೆ, ಬಾಯಲ್ಲಿ ಮೊಳೆ ಕಚ್ಚಿಕೊಂಡ ಹಾಗೆ ತುಟಿ ಬಿಗಿ ಹಿಡಿದು. ನೋಡಿದರೆ ನಗು ಬರುತ್ತೆ, ಆಮೇಲೆ ಬರಲ್ಲ. ಇಲ್ಲಿಯ ಡಾಕ್ಟರು ಎದೆ ಸುಧಾರಿಸಿದೆ ಅಂತಾರೆ. ಮನೆಗೆ ಹೋಗಬಹುದು, ತೋಟದಲ್ಲಿ ಓಡಾಡಬಹುದು, ಬೇಕಾದರೆ ಮೊಳೆಯನ್ನೂ ಹೊಡೆಯಬಹುದು. ಆದರೆ ಆ ಪುಡಿಯನ್ನು ಮಾತ್ರ ಮುಟ್ಟಬಾರದು. ಅದನ್ನು ಮುಟ್ಟಿದರೆ ಮುಗೀತು ಅಂತ ಅವನ ಮುಂದೆಯೇ ಹೇಳಿದರು. ಅವನು ಕಿಟಕಿಯಾಚೆ ನೋಡುತ್ತಿದ್ದ.

ನಿನ್ನ ಕಾಗದಗಳನ್ನು ಹಸುಗಳಿಗೆ ಓದಿ ಹೇಳುತ್ತಾನೆ. ಕರಡಿಯದನ್ನು ಎರಡು ಸಲ ಓದಿದ.

ನಿನ್ನ ಅತ್ತೆ,
ಝೆಲಿ


ಮೊಂತ್ರೋಯ್,
26 ಸೆಪ್ಟೆಂಬರ್, ಭಾನುವಾರ ಬೆಳಿಗ್ಗೆ

ಅಪ್ಪ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀನು ಓದುವ ಹೊತ್ತಿಗೆ ತೋಟದೊಳಗೆ ನಿಂತಿರುತ್ತೀಯ. ಮೊದಲು ಕೂತುಕೋ. ಕೂರಲು ಜಾಗ ಮಾಡಿದ್ದೇನೆ, ಅದರ ಬಗ್ಗೆ ಆಮೇಲೆ.

ಹಣ್ಣು ಮುಗಿಯಿತು. ಬಾಗಿಲ ತುದಿಯ ಮರ ಬರಿದು, ಅದನ್ನು ನೀನೇ ನೋಡುತ್ತೀಯ. ಉಳಿದದ್ದು ಚೆನ್ನಾಗಿ ಬಂತು. ಗೋಡೆಯ ಚುಕ್ಕೆ ನೋಡಿ ನಕ್ಕವರು ಹಣ್ಣು ನೋಡಿ ಬಾಯಿ ಮುಚ್ಚಿದರು. ಅಜ್ಜಿಯೂ ನಾನೂ ಕೂತು ಬ್ರಷ್ಷಿನಲ್ಲಿ ಹಣ್ಣಿನ ಸಿಪ್ಪೆಯ ಮೇಲಿನ ಸುಂಗು ಉಜ್ಜಿ ತೆಗೆದು, ದ್ರಾಕ್ಷಿ ಎಲೆಯ ಮೇಲಿಟ್ಟು, ಪೇಟೆಗೆ ಕಳಿಸಿದೆವು. ಇನ್ನೂ ಮೈಯೆಲ್ಲ ನವೆ. ಪಾದ್ರಿಗಳು ಒಂದು ಹಣ್ಣು ತಿಂದು, ಗಲ್ಲದಿಂದ ರಸ ಒರೆಸಿಕೊಂಡು, "ಸಂಘದ ಪುಸ್ತಕದಲ್ಲಿ ಈ ಪದ್ಧತಿಗೆ ಏನಂತ ಹೆಸರಿಡೋದು?" ಅಂದರು. "ಹೆಸ್ರು ಆಮೇಲೆ ಹುಟ್ಲಿ ಫಾದರ್," ಅಂದೆ. "ನೀವೇ ಹೇಳಿದ್ರಲ್ಲ."

ಈಗ ಜಗಳದ ಮಾತು. ಸಿಮೆಂಟು ಕೆತ್ತಬೇಡ. ಬೇಸಿಗೆಯ ಮಳೆ ಅಷ್ಟು ಸುರಿದರೂ ಗಾರೆಯ ಗುಳಿಗಳು ಕೆಟ್ಟಿಲ್ಲ. ಇನ್ನು ಈ ಗೋಡೆಗೆ ಪೂರ್ತಿ ಗಾರೆ ಬಳಿಯುವ ಅಗತ್ಯವಿಲ್ಲ. ಪ್ರತಿ ವರ್ಷ ಉದುರಿದ ಗುಳಿಗಳನ್ನು ತುಂಬಿದರೆ ಸಾಕು. ಅದಕ್ಕೆ ಬೇಕಾದ ಗಾರೆಯನ್ನು ಅಜ್ಜಿ ತನ್ನ ಕಡೆಯಲ್ಲೇ ನೀರು ಹಾಕಿ ಕಲಸಿ, ರೊಟ್ಟಿ ಹಿಟ್ಟಿನ ಹಾಗೆ ಬಟ್ಟಲಲ್ಲಿ ಗೋಡೆಯ ಮೇಲಿಂದ ಇಳಿಬಿಡುತ್ತಾಳೆ. ಪುಡಿ ನಿನ್ನ ಕಡೆಗೆ ಬರುವುದೇ ಇಲ್ಲ. ನೀನು ತುಂಬು, ಮೊಳೆ ಹೊಡಿ. ಅವಳನ್ನು ಇದಕ್ಕೆ ಒಪ್ಪಿಸಲು ನನಗೆ ಎರಡು ವಾರ ಬೇಕಾಯಿತು.

"ಪುಡಿ ನಾನು ಕುಡಿದ್ರೆ ಪರವಾಗಿಲ್ವೇನೋ ನಿಂಗೆ?" ಅಂದಳು.

"ಮೂಗಿಗೆ ಬಟ್ಟೆ ಕಟ್ಕೋ ಅಜ್ಜಿ. ನಿಂಗೆ ಹೇಳಿದ್ರೆ ಕಟ್ಕೋತೀಯ. ಅಪ್ಪಂಗೆ ಹೇಳಿದ್ರೆ ಕಿಟಕಿ ನೋಡ್ತಾನೆ."

"ಅವ್ನ ಮೇಲೆ ನಾನು ಕಣ್ಣಿಡ್ಬೇಕು ಅಂತೀಯಾ?"

"ಎರಡೂ."

ಅವಳ ಷರತ್ತು ಒಂದೇ: ಅವಳ ಆ ಅರ್ಧ ಗೋಡೆಯನ್ನು ನೀನು ಮುಟ್ಟಬಾರದು, ಅದರ ಬಗ್ಗೆ ಮಾತೂ ಆಡಬಾರದು.

ಕೊಟ್ಟಿಗೆಯಲ್ಲಿ ಉಳಿದಿದ್ದ ಗಾರೆ ಮೂಟೆಗಳನ್ನು ಹುಡುಕಬೇಡ. ಹೋದ ವಾರ ಮಳೆ ಬಂದಾಗ ಅವನ್ನು ಹೊರಗೆಳೆದು ಇಟ್ಟೆ. ರಾತ್ರಿಯೆಲ್ಲ ನೆನೆದು, ಈಗ ಅವು ಮೂಟೆಯ ಆಕಾರದ ಕಲ್ಲು. ದೊಡ್ಡ ಗೋಡೆಗೆ ಒತ್ತಿಸಿ ಇಟ್ಟಿದ್ದೇನೆ, ಅಮ್ಮ ಕೂರುತ್ತಿದ್ದ ಜಾಗ ಅದೇ ಇರಬೇಕು ಅಂತ ಅಂದಾಜು ಮಾಡಿ. ನಿನಗೆ ಕೂರಲು ಜಾಗ ಅಂದದ್ದು ಅದನ್ನೇ. ಈಗ ನೀನು ಅದರ ಮೇಲೆ ಕೂತಿದ್ದರೆ ಏಳಬೇಡ, ಬೈಗುಳ ಕೂತೇ ಆಗಲಿ.

ಕೋಟನ್ನೂ ಹುಡುಕಬೇಡ.

ಬೇಸಿಗೆಯಲ್ಲಿ ಚಿಗುರು ಓಡಿದವು, ಕಟ್ಟಲು ಬಟ್ಟೆ ಸಾಲಲಿಲ್ಲ. ಮನೆಯಲ್ಲಿ ಬೇರೆ ಬಟ್ಟೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಮ್ಮನ ನೀಲಿ ಶಾಲು ಪೆಟ್ಟಿಗೆಯಲ್ಲಿತ್ತು, ಈಗಲೂ ಇದೆ. ನಿನ್ನ ಗಾರೆ ಕೋಟನ್ನು ಇಳಿಸಿದೆ. ಬಿಸಿಲಿಗೆ ಹಾಕು ಅಂದಿದ್ದೆ, ಹಾಕಿದೆ. ಕೊಡವಿದರೆ ಬಿಳಿ ಮೋಡ ಎದ್ದಿತು, ಅಜ್ಜಿ ಏಣಿಯಿಂದ ಇಳಿದು ಹೋದಳು. ಆಮೇಲೆ ಕತ್ತರಿ ತೆಗೆದುಕೊಂಡೆ. ಅದು ಗಟ್ಟಿ ಉಣ್ಣೆ ಅಪ್ಪ, ಬಲು ಹಟಮಾರಿ, ಕತ್ತರಿಗೂ ಬೇಗ ಬಗ್ಗಲಿಲ್ಲ. ಎಡತೋಳು ಮೂರನೇ ಮರದ ಮೇಲಿನ ಕೊಂಬೆಯನ್ನು ಹಿಡಿದಿದೆ. ಬೆನ್ನಿನ ಭಾಗ ಚೂರು ಚೂರಾಗಿ ನಡುವಿನ ಮರಕ್ಕೆಲ್ಲ ಆಯಿತು. ಒಂದು ಚೂರಿನಲ್ಲಿ ಗುಂಡಿ ಹಾಗೆಯೇ ಉಳಿದಿದೆ. ಬಾಗಿಲ ಪಕ್ಕದ ಬರಿದಾದ ಮರಕ್ಕೆ ಕಾಲರನ್ನು ಕಟ್ಟಿದ್ದೇನೆ, ಮುಂದಿನ ವರ್ಷ ಅದು ಹೂ ಬಿಡಲಿ.

ನೀನೀಗ ಹಾಕಿಕೊಳ್ಳಬೇಕಾದರೆ ಅದನ್ನು ಗೋಡೆಯಿಂದ ಬಿಚ್ಚಬೇಕು. ಬಿಚ್ಚಿದರೆ ಕೊಂಬೆ ಬೀಳುತ್ತದೆ. ನೀನು ಕೊಂಬೆ ಬೀಳಿಸುವವನಲ್ಲ.

ಬಾರ್ನಬೆ ಬೆಳಿಗ್ಗೆಯೇ ದೋಣಿಯ ಹಗ್ಗ ಬಿಚ್ಚುತ್ತಾನೆ, ನಿನ್ನ ರೈಲು ಮಧ್ಯಾಹ್ನ. ಅವನ ಕಾಲಿಗೆ ಬಿದ್ದಿದ್ದರೆ ಅರ್ಧ ದಿನ ಕಾಯುತ್ತಿದ್ದನೇನೋ. ನಾನು ಕೇಳಲಿಲ್ಲ. ನಾವಿಬ್ಬರೂ ಎದುರೆದುರು ನಿಂತರೆ ಒಬ್ಬ ಸೋಲಬೇಕಾಗುತ್ತದೆ, ಯಾರು ಸೋತರೂ ಇನ್ನೊಬ್ಬನಿಗೆ ನಿದ್ದೆ ಬರುವುದಿಲ್ಲ. ಎಲ್ಲಿ ದೋಣಿ ನಿಂತರೆ ಅಲ್ಲಿಂದ ಬರೆಯುತ್ತೇನೆ. ನಿಲ್ಲದಿದ್ದರೆ ಓಡುತ್ತಲೇ ಬರೆಯುತ್ತೇನೆ.

ಮೊಳೆ ಬುಟ್ಟಿ, ಸುತ್ತಿಗೆ, ಕೊಟ್ಟಿಗೆಯ ಕಿಟಕಿಯಲ್ಲಿವೆ. ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಅಜ್ಜಿ ಬಡಿಸುತ್ತೇನೆ ಅಂದಿದ್ದಾಳೆ, ಒಲ್ಲೆ ಅನ್ನಬೇಡ.

ಗಾಳಿ ಎದ್ದಿತು. ಓಣಿಯ ಕಡೆಯಿಂದಲೇ. ಬಾರ್ನಬೆಯ ಶಿಳ್ಳೆ ಕೇಳಿಸುತ್ತಿದೆ, ಏಳುತ್ತೇನೆ.

ಈ ಸಾಲನ್ನು ಹೊರಗೆ ನಿಂತು, ಬಾಗಿಲ ಹಲಗೆಗೇ ಕಾಗದ ಒತ್ತಿ ಬರೆಯುತ್ತಿದ್ದೇನೆ. ಕೆಳಗಿನ ಸಂದಿಯಿಂದ ಒಳಗೆ ತಳ್ಳಿ ಹೊರಡುತ್ತೇನೆ.

ಬಾಗಿಲು ಹಾಕಿದೆ, ಅಪ್ಪ. ಎರಡು ಸಲ ಎಳೆದು ನೋಡಿದೆ.

ಲೂಬಿನ್